ಬೆಸುಗೆ ಆರುವ ತನಕ

ನನ್ನ ಹೆಂಡತಿಯದು ಮಾತು ಕಡಿಮೆ, ಕೆಲಸ ಜಾಸ್ತಿ. ಅವಳ ತಮ್ಮ, ಅಂದರೆ ನನ್ನ ಭಾಮೈದ, ಇದಕ್ಕೆ ಪೂರ್ತಿ ಉಲ್ಟಾ. ಕಿವಿ ಕೇಳದವರಿಗೆ ಶ್ರವಣಯಂತ್ರ ಮಾಡುವ ಕಂಪನಿಯನ್ನು ಅವನು ಶುರುಮಾಡಿದ್ದು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ. ಮೊದಲ ಬೆಸುಗೆ ಹಾಕಿದವಳು ಇವಳು. ಹೊಗೆ ಹೋಗಲೆಂದು ಕಿಟಕಿ ತೆರೆದಿಟ್ಟು ನೆಗಡಿ ಹಿಡಿಸಿಕೊಂಡವನು ನಾನು. ನನಗೆ ಯಾರೂ ಷೇರು ಕೊಡಲಿಲ್ಲ.

ಕಂಪನಿ ಬೆಳೆದು ಸ್ವಂತ ಕಟ್ಟಡಕ್ಕೆ ಹೋದಾಗ ಇವಳು ಬೆಸುಗೆ ಮೇಜಿನ ಹಿರಿಯಳಾದಳು. ಹೊಸ ಹುಡುಗಿಯರಿಗೆ ಅವಳ ಮೊದಲ ಪಾಠ ಒಂದೇ: ಬೆಸುಗೆ ಆರುವ ತನಕ ತಂತಿ ಅಲುಗಾಡಿಸಬಾರದು. ಅವಸರಪಟ್ಟರೆ ನೋಡಲು ಗಟ್ಟಿ, ಒಳಗೆ ಪೊಳ್ಳು. ತಮ್ಮನಿಗೂ ಅವಳೇ ಕಲಿಸಿದ್ದು.

ಸಂಬಳ ಏರಿಸಲಾಗದ ವರ್ಷಗಳಲ್ಲಿ ಭಾಮೈದ ಮೇಜಿನವರಿಗೆಲ್ಲ ಷೇರಿನ ಹಕ್ಕು ಕೊಟ್ಟ. ಮುಂದೆ ಕಂಪನಿಯ ಬೆಲೆ ಎಷ್ಟೇ ಏರಲಿ, ಅವರು ಅಂದಿನ ಅಗ್ಗದ ಬೆಲೆಗೇ ಷೇರು ಕೊಳ್ಳಬಹುದು. ಇವಳ ಕಣ್ಣು ಆಗಲೇ ಮಂಜಾಗುತ್ತಿತ್ತು. ಬೀದಿ ಕೊನೆಯ ಮಳಿಗೆ ಹಿಡಿದು ತನ್ನದೇ ರಿಪೇರಿ ಅಂಗಡಿ ಇಟ್ಟು ಆರಾಮಾಗಿ ಕೂರಬೇಕೆಂಬುದೊಂದೇ ಅವಳ ಆಸೆ. ಮುಂಗಡದ ದುಡ್ಡನ್ನೂ ಕೂಡಿಟ್ಟಿದ್ದಳು.

ಷೇರು ಈಗಲೇ ಕೊಳ್ಳಲಾ ಎಂದು ಕಳೆದ ವರ್ಷ ತಮ್ಮನನ್ನು ಕೇಳಿದಳು.

"ಬೆಸುಗೆ ಆರಲಿ ಅಕ್ಕ, ಈಗಲೇ ಮುಟ್ಟಬೇಡ," ಅಂದ ಅವನು.

ತನ್ನ ಪಾಠ ತಮ್ಮನ ಬಾಯಲ್ಲಿ ಕೇಳಿ ಇವಳು ಉಬ್ಬಿಹೋದಳು. ಮೇಜಿನವರಿಗೂ ಅದನ್ನೇ ಹೇಳಿದಳು. ಅಕ್ಕ ಹೇಳಿದ ಮೇಲೆ ಮುಗಿಯಿತು, ಎಲ್ಲರೂ ಕಾದರು.

ಈ ವರ್ಷ ಹೊಸ ಬಂಡವಾಳದವರು ಬಂದರು. ಕಂಪನಿಯ ಬೆಲೆ ಹತ್ತಾರು ಪಟ್ಟು ಏರಿತು. ಹಕ್ಕು ಬಳಸಲು ಗಡುವೂ ಬಂತು. ರುಜು ಹಾಕಲು ಹೋದಾಗ ಲೆಕ್ಕದ ವಿಭಾಗದವನು ವಿಷಯ ಬಿಡಿಸಿ ಹೇಳಿದ. ಷೇರು ಕೊಂಡ ದಿನ ಅದರ ಬೆಲೆ ಎಷ್ಟಿದೆ, ನೀವು ಕೊಟ್ಟದ್ದು ಎಷ್ಟು, ಆ ವ್ಯತ್ಯಾಸವೆಲ್ಲ ಸಂಬಳವಿದ್ದಂತೆ. ಅದಕ್ಕೆ ತೆರಿಗೆ ಈಗಲೇ ಕಟ್ಟಬೇಕು. ಷೇರು ಮಾರಿ ಕಟ್ಟೋಣವೆಂದರೆ ಕೊಳ್ಳುವವರಿಲ್ಲ, ಕಂಪನಿ ಇನ್ನೂ ಷೇರುಪೇಟೆಗೆ ಬಂದಿಲ್ಲ. ಕೈಗೆ ಬಂದದ್ದು ಕಾಗದ, ಕೈಬಿಟ್ಟದ್ದು ದುಡ್ಡು. ಇವಳ ಮಳಿಗೆಯ ಮುಂಗಡ ಅಲ್ಲಿಗೆ ಹೋಯಿತು. ಮೇಜಿನ ಕೆಲವರು ಸಾಲ ಮಾಡಿದರು, ಉಳಿದವರು ಹಕ್ಕನ್ನೇ ಬಿಟ್ಟರು.

ಅಷ್ಟಕ್ಕೇ ಮುಗಿದಿದ್ದರೆ ನಾನು ಹಣೆಬರಹ ಅಂದುಕೊಳ್ಳುತ್ತಿದ್ದೆ. ಆದರೆ ಲೆಕ್ಕದವನು ಇನ್ನೊಂದು ಮಾತು ಬಾಯಿಬಿಟ್ಟ. ಮೇಲಿನ ಮಹಡಿಯ ಅಧಿಕಾರಿಗಳೆಲ್ಲ ಬೆಲೆ ಏರುವ ಮೊದಲೇ, ಕಳೆದ ವರ್ಷವೇ ಷೇರು ಕೊಂಡಿದ್ದರು. ಆಗ ತೆರಿಗೆ ಹೆಸರಿಗಷ್ಟೇ. ಬೇಗ ಮುಗಿಸಿಕೊಳ್ಳಿ ಎಂದು ಅವರಿಗೆ ಹೇಳಿದವನು ನನ್ನ ಭಾಮೈದನೇ.

ಭಾನುವಾರ ಅವನು ಮನೆಗೆ ಬಂದ. ನಾನು ಬಾಯಿ ತೆರೆಯುವ ಮೊದಲೇ ಇವಳು ಕೇಳಿದಳು, "ನಿನಗೆ ಆಗಲೇ ಗೊತ್ತಿತ್ತಾ?"

ಗೊತ್ತಿತ್ತು ಅಂದ. ಎಲ್ಲರೂ ಒಟ್ಟಿಗೆ ಕೊಂಡಿದ್ದರೆ ಹೊಸ ಬಂಡವಾಳದವರು ತಕರಾರು ತೆಗೆಯುತ್ತಿದ್ದರಂತೆ, ವ್ಯವಹಾರ ಮುರಿದು ಬೀಳುತ್ತಿತ್ತಂತೆ.

"ಮೇಜಿನವರಿಗೆ ಬೇಡ, ನನಗಾದ್ರೂ ಹೇಳಬಹುದಿತ್ತಲ್ಲೋ."

"ನಿನಗೆ ಹೇಳಿದ್ರೆ ನೀನು ಮೇಜಿನವರಿಗೆಲ್ಲ ಹೇಳಿಬಿಡ್ತಿದ್ದೆ ಅಕ್ಕ."

"ಹೌದು," ಅಂದಳು. "ಹೇಳ್ತಿದ್ದೆ."

ಅವನು ಹೋದ ಮೇಲೆ ನನಗೆ ಹೊಳೆಯಿತು. ಅಕ್ಕನ ಒಳ್ಳೆಯತನವನ್ನು ಅವಳಿಗಿಂತ ಚೆನ್ನಾಗಿ ಲೆಕ್ಕ ಹಾಕಿಟ್ಟಿದ್ದ, ಕಳ್ಳ.

ಈಗ ಮೇಜಿನಲ್ಲಿ ಅವಳ ಪಕ್ಕದ ಸ್ಟೂಲು ಖಾಲಿ. ಊಟಕ್ಕೂ ಯಾರೂ ಕರೆಯುವುದಿಲ್ಲ. ಸ್ವಂತ ತಮ್ಮ ತಾನೇ, ಇವಳಿಗೆ ಗೊತ್ತಿರದೆ ಇರುತ್ತದಾ ಎಂಬುದು ಎಲ್ಲರ ಮಾತು. ನಾನೇ ಹೋಗಿ ನಿಜ ಹೇಳಿಬರುತ್ತೇನೆಂದು ಚಪ್ಪಲಿ ಮೆಟ್ಟಿದೆ. ಇವಳು ತೋಳು ಹಿಡಿದು ತಡೆದಳು.

"ಗೊತ್ತಿತ್ತು ಅಂತಾನೇ ಅಂದ್ಕೊಳ್ಳಲಿ ಬಿಡಿ," ಅಂದಳು. "ಎತ್ತಿ ಆಡಿಸಿದ ತಮ್ಮ ನನಗೂ ಹೇಳಲಿಲ್ಲ ಅಂತ ಹೇಳ್ಕೊಳ್ಳೋದಕ್ಕಿಂತ ಅದೇ ವಾಸಿ."