ಪದ್ಮಕ್ಕನ ಯಜಮಾನರ ದನಿ

ಪದ್ಮಕ್ಕ, ನಿಮ್ಮ ಯಜಮಾನರ ದನಿಯನ್ನು ಅಳಿಸಿದವನು ನಾನು. ವೈರಸ್ಸಲ್ಲ. ಇಷ್ಟು ವರ್ಷ ನೀವು ಆ ಕಂಪ್ಯೂಟರಿಗೆ ಶಾಪ ಹಾಕಿದಿರಿ — ಬಡಪಾಯಿ ಪೆಟ್ಟಿಗೆ, ಅದು ಏನೂ ಮಾಡಿರಲಿಲ್ಲ.

ಮಿರಜಿನಲ್ಲಿ ನನ್ನದು ಮೊದಲು ಟೈಪಿಂಗ್ ಕ್ಲಾಸು. ಹೊಸ ಕಾಲ ಬಂದು ಟೈಪ್‌ರೈಟರುಗಳು ಗುಜರಿ ಸೇರಿದ ಮೇಲೆ, ಅದೇ ಬಾಗಿಲಿಗೆ 'ಕಂಪ್ಯೂಟರ್ ತಜ್ಞ' ಎಂದು ಬೋರ್ಡು ಹಾಕಿಕೊಂಡೆ. ತಜ್ಞತೆ ಇಷ್ಟೇ: ಯಾವ ರೋಗ ಬಂದರೂ ವಿಂಡೋಸ್ ಮತ್ತೆ ಹಾಕುವುದು. ಖಂಡೇನವಮಿಯ ಆಯುಧಪೂಜೆಗೆ ಬೋರ್ಡಿಗೆ ತಪ್ಪದೆ ಹಾರ ಬೀಳುತ್ತಿತ್ತು. ತಲೆಗೆ ಏನೂ ಬೀಳುತ್ತಿರಲಿಲ್ಲ.

ಬುಧಗಾಂವದಿಂದ ರಿಕ್ಷಾದಲ್ಲಿ, ಚಾಲೂ ಆಗದ ಆ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಂದಿರಿ. ಗಂಟಲಿನ ಆಪರೇಷನ್ ಆದರೆ ಮಾತು ಹೋಗುತ್ತದೆಂದು ಡಾಕ್ಟರು ಹೇಳಿದಾಗ, ನಿಮ್ಮ ಯಜಮಾನರು ಮೈಕಿನ ಮುಂದೆ ಕೂತು ಅದರಲ್ಲಿ ನಿಮಗಾಗಿ ಮಾತಾಡಿ ಇಟ್ಟಿದ್ದರು. ಆಮೇಲೆ ಒಂದು ವರ್ಷ ಮೂಕರಾಗಿ ಬದುಕಿ ಹೋದರು. ಉಳಿದದ್ದು ಆ ದನಿ.

"ಫೈಲು ಯಾರ ಹೆಸರಿನ್ಯಾಗ ಅದಾವ್ರಿ?"

"ಅವರ ಹೆಸರಿನ್ಯಾಗ."

"ಅವರ ಹೆಸರೇನ್ರಿ?"

ನೀವು ಸೆರಗು ಬಾಯಿಗೊತ್ತಿ ನಕ್ಕಿರಿ. "ಈ ವಯಸ್ಸಿನ್ಯಾಗ ಒಡಪ ಹಾಕಿ ಹೇಳ್ಲೇನ್ರಿ ಮಾಸ್ತರ?"

ಮದುವೆಯ ದಿನ ಪದ್ಯ ಕಟ್ಟಿ ಒಮ್ಮೆ ಹೇಳಿದ ಗಂಡನ ಹೆಸರನ್ನು ಮತ್ತೆ ಬಾಯಿಗೆ ತಾರದವರು ನೀವು. ಹೆಂಗಸರನ್ನು ಎರಡನೆಯ ಸಲ ಕೇಳದ ಕಾಲದವನು ನಾನು. ಹೆಸರು ಗೊತ್ತಿದ್ದರೆ ಹುಡುಕಬಹುದಿತ್ತು. ವಿಂಡೋಸ್ ಮತ್ತೆ ಹಾಕಿ, 'ಪದ್ಮಾ' ಎಂದು ಹೊಸ ಖಾತೆ ತೆರೆದೆ. ಒಳಗೆ ಎಲ್ಲ ಬರಿದು.

"ಹೋದುವ್ರಿ ಅಕ್ಕಾ, ವೈರಸ್ ತಿಂದೈತಿ. ಇನ್ನ ಬ್ರಹ್ಮ ಬಂದ್ರೂ ತಿರುಗಿ ಬರೂದಿಲ್ಲ" ಎಂದು, ಅಂಗಡಿಯಲ್ಲಿದ್ದವರೆಲ್ಲ ಕೇಳುವಂತೆ ತೀರ್ಪು ಕೊಟ್ಟೆ.

ಕೆಲವು ತಿಂಗಳ ಮೇಲೆ ಕುಪವಾಡದ ಒಂದು ಕಾರ್ಖಾನೆಯ ಕಂಪ್ಯೂಟರು ನನಗೆ ಪಾಠ ಹೇಳಿತು. ವಿಂಡೋಸ್ ಹೊಸದಾಗಿ ಹಾಕಿದರೂ ಹಳಬನ ಫೈಲುಗಳ ಕೋಣೆ ಒಳಗೆ ಹಾಗೇ ಇರುತ್ತದೆ — ಬಾಗಿಲ ಮೇಲೆ ಅವನ ಹೆಸರು, ಬಾಗಿಲಿಗೆ ಬೀಗ. ಈಗಿನ ಮಾಲಕ ನಾನೇ ಎಂದು ಯಂತ್ರಕ್ಕೆ ತಿಳಿಸಿದರೆ ತೆರೆಯುತ್ತದೆ. ಅಂಥ ಬೀಗ ಹಾಕಿದ ಕೋಣೆ ಯಾರ ಮನೆಯಲ್ಲಿದೆಯೆಂದು ನನಗೆ ಗೊತ್ತಿತ್ತು. ಬುಧಗಾಂವವೇನು ದೂರವೇ? ಬರುವ ವಾರ ಹೋದರಾಯಿತು, ಅಂದುಕೊಂಡೆ — ಪ್ರತಿ ವಾರ.

ಕೊನೆಗೆ ನೀವೇ ಮತ್ತೆ ಪೆಟ್ಟಿಗೆ ಹೊತ್ತು ಬಂದಿರಿ. "ಇನ್ನೊಮ್ಮೆ ನೋಡ್ರಿ ಮಾಸ್ತರ, ಎಲ್ಲ್ಯರ ಮೂಲ್ಯಾಗ ಉಳದಿರ್ತಾವ."

ನೋಡಿದೆ. ನೀವು ಹೇಳದ ಹೆಸರನ್ನು ಮೊದಲ ಸಲ ಓದಿದೆ. ಬೀಗ ತೆಗೆದೆ. ಒಂಬತ್ತು ಫೈಲು. ಹೆಡ್‌ಫೋನ್ ಹಾಕಿಕೊಂಡು ಮೊದಲನೆಯದನ್ನು ಕೇಳಿದೆ. ನೀವು ಒಂದು ಮಾರು ದೂರದ ಸ್ಟೂಲಿನ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಿರಿ. ನನ್ನ ಕಿವಿಯಲ್ಲಿ ಅವರ ದನಿ:

"ಏ, ಕೇಳಾಕತ್ತಿಯೇನ? ಮದಿವ್ಯಾಗ ಒಮ್ಮೆ ನನ್ನ ಹೆಸರ ತಗೊಂಡಿ, ಅಷ್ಟ. ಇಷ್ಟ ದಿನಾ ನಾನ ಕರದೆ. ಇನ್ನ ಕರಿಯೂ ಪಾಳಿ ನಿಂದು."

ಹೆಡ್‌ಫೋನ್ ತೆಗೆದು ನಿಮ್ಮ ಕೈಗೆ ಕೊಟ್ಟಿದ್ದರೆ ಮುಗಿಯುತ್ತಿತ್ತು. ತಜ್ಞನಿಗೆ ಏನೂ ಗೊತ್ತಿರಲಿಲ್ಲವೆಂದು ಊರು ನಾಲ್ಕು ದಿನ ನಗುತ್ತಿತ್ತು. ಬದಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಇಬ್ಬರೇ —

"ಏನೂ ಇಲ್ರಿ ಅಕ್ಕಾ" ಅಂದೆ.

ಮುಂದೆ ಯಾರಾದರೂ ತಿಳಿದವರು ಆ ಕೋಣೆ ತೆರೆದಾರೆಂದು, "ಪೂರಾ ಸ್ವಚ್ಛ ಮಾಡಿ ಕೊಡ್ತೇನ್ರಿ, ಜೋರ್ ಓಡ್ತೈತಿ" ಎಂದು ಇಡೀ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದೆ. ಎಲ್ಲ ಅಳಿಸುವುದು ಖಂಡಿತವೇ ಎಂದು ಯಂತ್ರ ಕೇಳಿತು. ಯಂತ್ರವಾದರೂ ಕೇಳಿತು. ಹೌದೆಂದೆ. ಹೊರಡುವಾಗ ನೀವು ಹಿತ್ತಲಿನ ಕರಿಬೇವು ಕೊಟ್ಟಿರಿ. ಅದನ್ನೂ ತೆಗೆದುಕೊಂಡೆ.

ಕೇಳದೆ ಉಳಿದ ಎಂಟು ಫೈಲುಗಳಲ್ಲಿ ಏನಿತ್ತೋ —

ಈ ಪತ್ರವನ್ನು ಕನ್ನಡದಲ್ಲಿ ಬರೆದಿದ್ದೇನೆ. ನೀವು ಮರಾಠಿ ಶಾಲೆಯಲ್ಲಿ ಕಲಿತವರು. ಕನ್ನಡ ಆಡುತ್ತೀರಿ, ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಹೀಗೆ ಬರೆದೆನೇ? ಆ ಅನುಮಾನ ಬಂದ ಮೇಲೆ ಅಂಚೆಗೆ ಹಾಕುವ ವಿಚಾರ ಬಿಟ್ಟೆ. ನಾಳೆ ಬುಧಗಾಂವದ ಬಸ್ಸು ಹತ್ತುತ್ತೇನೆ. ಕ್ಷಮೆ ಕೇಳುವುದಿಲ್ಲ. ನಿಮ್ಮೆದುರು ಕೂತು ಮೊದಲಿಂದ ಓದುತ್ತೇನೆ. ಅವರ ಮಾತು ಬಂದಾಗ ನಿಮಗೆ ಕೇಳಿಸುವುದು ನನ್ನ ದನಿ. ಉಳಿದಿರುವುದು ಅದೊಂದೇ.