ಅರ್ಧ ಇಂಚು ಸಾಲದ ಪೋಲೀಸ್

ಕಾಗದದ ಮೇಲೆ ಅದು ‘ಪೊಲೀಸ್’. ನಮ್ಮ ಕಡೆಯವರ ಬಾಯಲ್ಲಿ ಉದ್ದಕ್ಕೆ ಎಳೆದು ‘ಪೋಲೀಸ್’. ದಬ್ಬೇಘಟ್ಟದಲ್ಲಿ ಆಗ ಹಾಗೆಂದರೆ ಠಾಣೆಯವರಲ್ಲ, ತೆಂಗಿನಕಾಯಿ ಸುಲಿಯುವ ನಂಜುಂಡಪ್ಪ. ಹರೆಯದಲ್ಲಿ ಪೊಲೀಸ್ ಕೆಲಸಕ್ಕೆಂದು ತುಮಕೂರಿಗೆ ಹೋಗಿದ್ದರಂತೆ. ಎದೆಯಳತೆ ಅರ್ಧ ಇಂಚು ಸಾಲದೆ ವಾಪಸು ಬರುವಷ್ಟರಲ್ಲಿ, ಅವರ ತಾಯಿ ಮಗ ಪೋಲೀಸಾದನೆಂದು ಊರಿಗೆಲ್ಲ ಸಕ್ಕರೆ ಹಂಚಿಬಿಟ್ಟಿದ್ದರು. ತಿಂದ ಸಕ್ಕರೆಯ ಮುಲಾಜಿಗೆ ಊರು ಆ ಹೆಸರನ್ನೇ ಉಳಿಸಿಕೊಂಡಿತು. ಆಮೇಲೆ ಇಪ್ಪತ್ತು ವರ್ಷ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಕುಕ್ಕಿ ಎದೆಯೇನೋ ಮೂರಿಂಚು ಬೆಳೆಯಿತು. ಅಳೆಯುವವರು ಮತ್ತೆ ಕರೆಯಲಿಲ್ಲ.

ಹೆಸರಿಗೆ ತಕ್ಕ ಕೆಲಸವನ್ನೂ ಊರೇ ಕೊಟ್ಟಿತ್ತು. ಉಣ್ಣಲು ಹಟ ಮಾಡುವ ಮಗುವನ್ನು ಕಂಕುಳಲ್ಲಿಟ್ಟುಕೊಂಡ ರಂಗಮ್ಮ, “ಪೋಲೀಸಪ್ಪ, ಒಸಿ ನಿಂತ್ಕಳಪ್ಪ, ಇನ್ನೆರಡು ತುತ್ತೈತೆ” ಎನ್ನುವಳು. ಅವರು ಮೀಸೆ ತಿರುವುತ್ತ ನಿಲ್ಲುವರು. ತುತ್ತು ಇಳಿದ ಮೇಲೆ ಮುಂದಿನ ಮನೆ.

ಇದೊಂದೂ ಗೊತ್ತಿಲ್ಲದವನು ನಾನೊಬ್ಬನೇ. ಎಪ್ಪತ್ತೊಂಬತ್ತರಲ್ಲಿ ತುರುವೇಕೆರೆಯಿಂದ ದಬ್ಬೇಘಟ್ಟಕ್ಕೆ ಓಡುವ ಖಾಸಗಿ ಬಸ್ಸಿಗೆ ಕಂಡಕ್ಟರಾಗಿ ಸೇರಿ ಮೂರು ದಿನವಾಗಿತ್ತು. ನನ್ನಲ್ಲಿ ಬುದ್ಧಿಗಿಂತ ವಿಸಲ್ಲು ಜೋರು. ಬಸ್ಸು ಹೊರಡುವಾಗ ಡ್ರೈವರ್ ಸಣ್ಣತಿಮ್ಮಯ್ಯ ಕೂಗಿದ: “ಲೇ, ಪೋಲೀಸ್ ಬತ್ತಾವ್ನೆ, ಜಾಗ ಮಾಡ್ಲಾ!”

ನೋಡಿದೆ. ಮೀಸೆ, ಖಾಕಿ ಚಡ್ಡಿ. ಮುಂದಿನ ಸೀಟಿನಲ್ಲಿದ್ದ ಬಿಳಿಪಂಚೆಯ ಹಿರಿಯರನ್ನು “ಏಳ್ರೀ ಯಜಮಾನ್ರೇ, ಪೋಲೀಸ್ನೋರು!” ಎಂದು ಎಬ್ಬಿಸಿ, ಟಿಕೆಟ್ ಪುಸ್ತಕ ಹಿಡಿದ ಕೈಯಲ್ಲೇ ಸಲ್ಯೂಟ್ ಹೊಡೆದೆ. ಬಾಳೆಹಣ್ಣಿನ ಚಿಪ್ಪು ಹಿಡಿದಿದ್ದ ನಂಜುಂಡಪ್ಪ ತಬ್ಬಿಬ್ಬಾದರು. ಜೀವಮಾನದ ಮೊದಲ ಸಲ್ಯೂಟು. ಬೇಡವೆನ್ನಲು ಮನಸ್ಸು ಬರಲಿಲ್ಲ. ಕುಳಿತರು. ಹಿರಿಯರು ಊರಿನವರೆಗೂ ನಿಂತೇ ಬಂದರು.

ಆ ಹಿರಿಯರು ಶೆಟ್ಟಿಕೆರೆಯ ಗಂಗಾಧರಯ್ಯ. ಮಗನಿಗೆ ಹೆಣ್ಣು ನೋಡಲು ಹೊರಟಿದ್ದದ್ದು ನಂಜುಂಡಪ್ಪನವರ ಮನೆಗೇ. ಬಾಳೆಹಣ್ಣೂ ಅವರಿಗಾಗಿಯೇ ತಂದದ್ದು. ಒಬ್ಬರ ಮುಖ ಒಬ್ಬರು ಅದುವರೆಗೆ ಕಂಡಿರಲಿಲ್ಲ.

ಬಸ್ಸು ವಾಪಸು ಹೊರಡುವ ಹೊತ್ತಿಗೆ, ಹೆಣ್ಣಿನ ಮನೆಯಲ್ಲಿ ಅದೇ ಮೀಸೆ ಕಂಡ ಗಂಗಾಧರಯ್ಯ ಕಾಫಿಯನ್ನೂ ಕುಡಿಯದೆ ಬಂದು ಹತ್ತಿದರು. ಹಿಂದೆಯೇ ನಂಜುಂಡಪ್ಪ ಓಡಿಬಂದರು. ಮಗಳಿಗೆ ಅದು ಮೂರನೆಯ ಸಂಬಂಧ. ಮೊದಲಿನ ಎರಡೂ ಮುರಿದಿದ್ದವು.

“ಪೋಲೀಸ್ ಮನೆ ಹೆಣ್ಣು ನಮಗೆ ಬ್ಯಾಡ ಕಣ್ರೀ,” ಎಂದರು ಗಂಗಾಧರಯ್ಯ. “ನಾಳೆ ಗಂಡ ಹೆಂಡ್ತಿ ಒಂದು ಮಾತಾಡ್ಕಂಡ್ರೆ ನೀವು ಲಾಠಿ ಹಿಡ್ಕಂಡು ಬತ್ತೀರ. ಬಸ್ಸಲ್ಲೇ ನೋಡಿದ್ನಲ್ಲ ನಿಮ್ಮ ದರ್ಬಾರು!”

ನಂಜುಂಡಪ್ಪ ಬಸ್ಸಿನ ಮೆಟ್ಟಿಲ ಮೇಲೆ ನಿಂತರು. ಒಳಗೆ ತುಂಬ ಅವರ ಊರಿನವರೇ.

“ನಾನು ಪೋಲೀಸಲ್ಲ ಕಣ್ರೀ,” ಎಂದರು.

ಎಲ್ಲರಿಗೂ ಗೊತ್ತಿದ್ದ ಮಾತೇ. ಆದರೆ ಅವರ ಬಾಯಲ್ಲಿ ಯಾರೂ ಕೇಳಿರಲಿಲ್ಲ.

“ಹೋಗಿದ್ದೆ. ತಗಳ್ಲಿಲ್ಲ. ಕಾಯಿ ಸುಲಿಯೋನು ನಾನು.” ಜಡ್ಡುಗಟ್ಟಿದ ಎರಡೂ ಅಂಗೈಗಳನ್ನು ಚಾಚಿದರು.

“ಮತ್ತೆ ಈವಯ್ಯ ಯಾಕೆ ಸಲ್ಯೂಟ್ ಹೊಡ್ದ?”

ನನ್ನನ್ನು ಸಣ್ಣತಿಮ್ಮಯ್ಯನೇ ಕಾಪಾಡಿದ: “ಅದು ಹೊಸಾದು ಕಣ್ರೀ. ಖಾಕಿ ಕಂಡ್ರೆ ಹೊಡೀತದೆ. ನೆನ್ನೆ ಪೋಸ್ಟ್‌ಮ್ಯಾನ್‌ಗೂ ಹೊಡೀತು.”

ಗಂಗಾಧರಯ್ಯ ನಕ್ಕರು. ಆ ಅಂಗೈಗಳನ್ನು ಇನ್ನೊಮ್ಮೆ ನೋಡಿ, ಕೆಳಗಿಳಿದು, “ಕಾಫಿ ಆರೋಯ್ತೇನೋ” ಎಂದರು. ಬಸ್ಸು ಅರ್ಧ ಗಂಟೆ ನಿಂತಿತು. ಯಾರೂ ಗೊಣಗಲಿಲ್ಲ.

ಲಗ್ನಪತ್ರಿಕೆಯಲ್ಲಿ ಬರೀ ‘ನಂಜುಂಡಪ್ಪ’ ಎಂದು ಅಚ್ಚಾಯಿತು. ಬಸ್ಸಿನಲ್ಲಿ ಹಂಚುವ ಕೆಲಸ ನನ್ನ ಪಾಲಿಗೆ ಬಂತು. ಮಾಡಿದ ತಪ್ಪಿಗೆ ಅಷ್ಟಾದರೂ ಬೇಡವೇ?

“ಯಾವ ನಂಜುಂಡಪ್ಪ?” ಎಂದ ಅವರದೇ ಊರಿನವನೊಬ್ಬ.

“ನಮ್ಮ ಪೋ…” ಎಂದು ಬಾಯಿ ತೆರೆದೆ. ಹಿಂದಿನ ಸೀಟಿನಲ್ಲಿದ್ದ ನಂಜುಂಡಪ್ಪನವರೇ ಮೆಲ್ಲಗೆ, “ಕಾಯಿ ಸುಲಿಯೋ ನಂಜುಂಡ ಅನ್ನಪ್ಪ,” ಎಂದರು.

ಹಾಗೆಯೇ ಹೇಳುತ್ತ ಪತ್ರಿಕೆ ಹಂಚಿದೆ. ಊರು ಬರುವವರೆಗೂ ಬಸ್ಸಿನಲ್ಲಿ ಒಬ್ಬರೂ ಆ ಇನ್ನೊಂದು ಹೆಸರನ್ನು ಎತ್ತಲಿಲ್ಲ.