ಹೊಗೆನಳಿಗೆಯ ನಟ್ಟಿನ ಮೇಲೆ ಸಿಟ್ಟು

ನಾನು ಸಿಟ್ಟಿನ ಮನುಷ್ಯನಲ್ಲ. ಕಕ್ಷಿಗಾರರು ಒಂದೇ ಮಾತನ್ನು ಹತ್ತು ಸಲ ಹೇಳಿದರೂ ತಲೆದೂಗುತ್ತ ಕೇಳುವ ವಕೀಲ. ಆದರೆ ನನ್ನ ಫಟಫಟಿ ಮೋಟಾರ್ ಸೈಕಲ್ಲಿನ ಹೊಗೆನಳಿಗೆಯನ್ನು ಎಂಜಿನ್ನಿಗೆ ಹಿಡಿದಿಡಬೇಕಾದ ಆ ಎರಡು ನಟ್ಟುಗಳ ಹೆಸರೆತ್ತಿದರೆ ಸಾಕು, ಇವತ್ತಿಗೂ ನನ್ನ ಕಿವಿ ಕೆಂಪಾಗುತ್ತದೆ.

ದಸರೆ ಮುಗಿದ ವಾರ. ಖಾನಾಪುರದ ಮಾಮಲೇದಾರರ ಕಚೇರಿಯಲ್ಲಿ ಗಂಗವ್ವನ ಹೊಲದ ದಾರಿಯ ದಾವೆ ಹನ್ನೊಂದಕ್ಕಿತ್ತು. ಕೂಗಿದಾಗ ನಾನಿಲ್ಲದಿದ್ದರೆ ದಾವೆ ವಜಾ. ಆ ಮುದುಕಿ ತನ್ನ ಹೊಲಕ್ಕೆ ತಾನೇ ಹೋಗುವಂತಿಲ್ಲ. ಬೆಳಗಾವಿಯಿಂದ ಬೆಳಗಿನ ರೈಲಿತ್ತು. ಫಟಫಟಿ ಇದ್ದವನಿಗೆ ರೈಲೇಕೆಂಬ ಸೊಕ್ಕು ನನ್ನದು!

ದೇಸೂರು ಮುಟ್ಟುವ ಮೊದಲೇ ಒಂದು ನಟ್ಟು ಧೂಳಿನಲ್ಲಿ ಮಾಯವಾಯಿತು. ಇನ್ನೊಂದು ಮುದುಕನ ಹಲ್ಲಿನಂತೆ ಅಲುಗುತ್ತಿತ್ತು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ಊಹಿಸಬೇಕೆನ್ನುತ್ತಾರೆ ತರ್ಕಶಾಸ್ತ್ರದವರು. ಅವರಿಗೇನು, ದೂರ ನಿಂತವರು. ಕಿಡಿ ತಾಗಿ ತೂತಾದ ನನ್ನ ಧೋತರಕ್ಕೆ ಊಹೆಯ ಅಗತ್ಯವೇ ಬೀಳಲಿಲ್ಲ.

ಬೆಳಗಾವಿಯ ಕ್ಯಾಂಪಿನಲ್ಲಿ ನನ್ನ ಗಾಡಿ ರಿಪೇರಿ ಮಾಡುವ ಮೇಸ್ತ್ರಿಯ ಏಳು ತಲೆಮಾರನ್ನು ಬೈಯುತ್ತ ದೇಸೂರಿನ ಕಂಬಾರ ಈರಪ್ಪನ ಕುಲುಮೆಗೆ ತಳ್ಳಿಕೊಂಡು ಹೋದೆ. ಈರಪ್ಪ ಉಳಿದ ನಟ್ಟನ್ನು ಚಿಂದಿಯಲ್ಲಿ ಹಿಡಿದು ಸಲೀಸಾಗಿ ಬಿಚ್ಚಿ, ಮೂಸಿ ನೋಡಿದ.

"ವಕೀಲ್ರ, ಇದಕ್ಕ ಎಣ್ಣಿ ಹಚ್ಚಿದವ್ರು ಯಾರ್ರೀ?"

"ನಾನ. ದಸರಿ ಖಂಡೇ ಪೂಜಿಗೆ ಎಲ್ಲಾ ಬಿಚ್ಚಿ, ತೊಳದು, ಎಣ್ಣಿ ಹಚ್ಚಿ ಕುಂಕುಮ ಇಟ್ಟೆ. ನಮ್ಮ ಅಜ್ಜಿ ಹಂಗ ಕಲಿಸ್ಯಾಳ."

"ಆಮ್ಯಾಲ ಪಾನಾ ಹಾಕಿ ಬಿಗದೀರೋ ಇಲ್ಲೋ?"

"ಕುಂಕುಮ ಅಳಸ್ತದಂತ ಬೆರಳಲೇ ತಿರುವಿದೆ."

ಈರಪ್ಪ ಇಕ್ಕಳ ಕೆಳಗಿಟ್ಟು ನಕ್ಕ. "ಅಂದ್ರ ಮೇಸ್ತ್ರೀಗೆ ಬೈದದ್ದೆಲ್ಲಾ ನಿಮಗ ಹತ್ತತೈತಿ ಬಿಡ್ರಿ!"

ಮತ್ತೊಬ್ಬರ ಮೇಲಿನ ಸಿಟ್ಟಿನಲ್ಲಿ ಒಂದು ಸುಖವಿದೆ. ನಮ್ಮ ಮೇಲಿನ ಸಿಟ್ಟನ್ನು ಇಳಿಸಲು ಜಾಗವೇ ಇಲ್ಲ. ಈರಪ್ಪ ನಳಿಗೆಗೆ ತಂತಿ ಸುತ್ತಿ ಕಳಿಸಿದ. ಖಾನಾಪುರ ಇನ್ನೊಂದು ಮೈಲಿ ಎನ್ನುವಾಗ ತಂತಿ ಹರಿದು ನಳಿಗೆ ಕಳಚಿಬಿತ್ತು. ಎತ್ತಲು ಹೋಗಿ ಬೆರಳು ಸುಟ್ಟುಕೊಂಡು, ಅದನ್ನು ಗಟಾರಕ್ಕೆ ಒದ್ದು, ತೋಪಿನಂತೆ ಗುಡುಗುತ್ತ ಹೊರಟೆ. ಎತ್ತುಗಳು ಬೆದರಿದವು. ಗಾಡಿಯವರು ಮರಾಠಿಯಲ್ಲೂ ಕನ್ನಡದಲ್ಲೂ ಬೈದರು. ಎರಡೂ ಬಲ್ಲ ನನಗೆ ಎರಡೂ ನಾಟಿದವು.

ಕಚೇರಿ ಮುಟ್ಟಿದಾಗ ಹನ್ನೊಂದೂ ಕಾಲು. ಒಳಗೆ ನಡೆದದ್ದನ್ನು ಜವಾನ ಆಮೇಲೆ ಹೇಳಿದ. ಮೂರು ಸಲ ಕೂಗಿಯಾಗಿತ್ತು. ವಜಾ ಎಂದು ಬರೆಯಲು ಮಾಮಲೇದಾರರು ಟಾಕನ್ನು ಮಸಿಯಲ್ಲಿ ಅದ್ದಿದ್ದರು. ಆಗ ಗಂಗವ್ವ ಎದ್ದಳಂತೆ.

"ತಡೀರಿ ಸಾಹೇಬ್ರ, ಸ್ವಲ್ಪ ಕಿವಿಗೊಟ್ಟು ಕೇಳ್ರಿ. ಅಲ್ಲಿ ಗುಡುಗಾಕ ಹತ್ತೇತಲ್ಲ, ಅದ ನಮ್ಮ ವಕೀಲ್ರು!"

ಟಾಕು ನಿಂತಿತು. ನನ್ನ ವಾದ ಕೇಳಿದರು. ದಾರಿ ಗಂಗವ್ವನಿಗೇ ಸಿಕ್ಕಿತು.

ಹೊರಗೆ ಬಂದ ಮೇಲೆ, ನನ್ನ ವಾದದ ಬಗ್ಗೆ ಒಂದು ಒಳ್ಳೆಯ ಮಾತಾಡುತ್ತಾಳೆಂದು ಕಾದು ನಿಂತೆ.

"ಒಳಗ ನೀವು ಹೇಳಿದ್ದು ಒಂದೂ ತಿಳೀಲಿಲ್ರೀ ಯಪ್ಪಾ," ಎಂದಳು. "ನೀವು ಬರಾಕ ಹತ್ತಿದ್ದು ಮಾತ್ರ ಚೊಲೊ ತಿಳೀತು."

ಅಷ್ಟು ಓದಿದವನಿಗೆ ಇದಕ್ಕಿಂತ ಅವಮಾನ ಉಂಟೆ? ಸಿಟ್ಟಿನಲ್ಲೇ ಒದ್ದು ಗಾಡಿ ಚಾಲೂ ಮಾಡಿದೆ. ಕಚೇರಿಯ ಅಂಗಳವೆಲ್ಲ ಕಿವಿ ಮುಚ್ಚಿಕೊಂಡಿತು. ಗಂಗವ್ವ ಒಬ್ಬಳೇ ಕೈಯೆತ್ತಿ ಮುಗಿದಳು. ಮುಗಿದದ್ದು ನನಗೋ, ಆ ಸದ್ದಿಗೋ ಎಂದು ನಿಲ್ಲಿಸಿ ಕೇಳುವಷ್ಟು ಧೈರ್ಯ ನನಗಾಗಲಿಲ್ಲ.